ನೀಲಗಂಗವ್ವ ತಳ ಬಿಟ್ಟದ್ದು

ನಮ್ಮೂರ ಹೆಂಗಸರ ಕುಪ್ಪಸ ಹೊಲಿಯುವಾಗ ನಾನು ಎರಡೂ ಬಗಲಿಗೆ ಎರಡೆರಡು ಬೆರಳು ಬಟ್ಟೆ ಹೆಚ್ಚಿಗೆ ಮಡಿಚಿ ಒಳಗೆ ಬಿಡುತ್ತೇನೆ. ಕೇಳಿದರೂ ಬಿಡುತ್ತೇನೆ, ಕೇಳದಿದ್ದರೂ ಬಿಡುತ್ತೇನೆ. ಬೇರೆ ಊರಿನ ದರ್ಜಿಗಳು ಇದನ್ನು ಬಟ್ಟೆ ಹಾಳು ಅನ್ನಬಹುದು. ಅವರಿಗೇನು ಗೊತ್ತು? ನಮ್ಮಲ್ಲಿ ಮದುವೆಯಾಗಿ ಬಂದ ಹುಡುಗಿ ಎರಡನೇ ಯುಗಾದಿಯ ಹೊತ್ತಿಗೆ ಒಂದು ಹೊಲಿಗೆ ಬಿಚ್ಚಿಸಲು ಬರುತ್ತಾಳೆ, ಮೊದಲ ಮಗುವಿನ ಜವಳಕ್ಕೆ ಇನ್ನೊಂದು. ಇದರಲ್ಲಿ ಯಾರ ತಪ್ಪೂ ಇಲ್ಲ. ಊರೇ ಹಾಗಿದೆ.

ಅಡುಗೆ ಮಾಡಿದ ಪಾತ್ರೆಯಲ್ಲಿ ಏನಾದರೂ ಉಳಿದರೆ ನಮ್ಮೂರಲ್ಲಿ ಅದು ಆರಿ ಪೂರ್ತಿ ತಣ್ಣಗಾದ ಮೇಲೆ ಮಾತಾಡುತ್ತದೆ. ಅಡುಗೆ ಮಾಡಿದವರ ದನಿಯಲ್ಲೇ ಮಾತಾಡುತ್ತದೆ. ಒಲೆಯ ಮೇಲೆ ಬೇಯುತ್ತಿದ್ದಾಗ ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೋ ಅದನ್ನು ಒಂದು ಸಲ ಹೇಳಿ ಸುಮ್ಮನಾಗುತ್ತದೆ. ಅನ್ನ ಸಣ್ಣ ದನಿಯಲ್ಲಿ ಗೊಣಗುತ್ತದೆ. ಪಲ್ಯ ಅರ್ಧರ್ಧ ಮಾತಾಡಿ ನಿಲ್ಲಿಸುತ್ತದೆ. ಸಾರು ಮಾತ್ರ ಸ್ವಚ್ಛ, ಪಡಸಾಲೆಯಲ್ಲಿ ಕೂತವರಿಗೂ ಕೇಳುವ ಹಾಗೆ. ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾತಾಡುವುದಿಲ್ಲ. ಹೊಟ್ಟೆಗೆ ಹೋದದ್ದೂ ಮಾತಾಡುವುದಿಲ್ಲ. ಆದ್ದರಿಂದ ಎಲ್ಲರ ಊಟ ಮುಗಿದ ಮೇಲೆ ಅಡುಗೆ ಮಾಡಿದವಳು ಒಲೆಯ ಮುಂದೆ ಕೂತು, ಪಾತ್ರೆ ಬಿಸಿಯಿರುವಾಗಲೇ ಉಳಿದದ್ದನ್ನೆಲ್ಲ ಬಳಿದು ಉಂಡುಬಿಡುತ್ತಾಳೆ. ಹಸಿವಿಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ನಮ್ಮಲ್ಲಿ ತಳ ಉಣ್ಣುವುದು ಅನ್ನುತ್ತಾರೆ.

ಹೊರಗಿನವರು ಬಂದರೆ ಕೂಡಲೇ ಉಪಾಯ ಹೇಳತೊಡಗುತ್ತಾರೆ. ಕಡಿಮೆ ಅಡುಗೆ ಮಾಡಿ ಅನ್ನುತ್ತಾರೆ. ಹೊತ್ತಲ್ಲದ ಹೊತ್ತಿಗೆ ಯಾರಾದರೂ ಬಂದರೆ ಏನು ಬಡಿಸುವುದು? ಚೆಲ್ಲಿಬಿಡಿ ಅನ್ನುತ್ತಾರೆ. ಚೆಲ್ಲಿದ್ದು ಗಟಾರದಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೇಗ ತಣ್ಣಗಾಗಿ ಬೇಗ ಮಾತಾಡುತ್ತದೆ, ಅಷ್ಟೇ. ಗಂಡಸರು ಉಣ್ಣಬಹುದಲ್ಲ ಎಂದು ಒಬ್ಬ ಇನ್ಸೂರೆನ್ಸ್ ಏಜೆಂಟ ಕೇಳಿದ್ದ. ನಮ್ಮೂರ ಗಂಡಸರು ತಾಟಿನಲ್ಲಿ ಕೈ ತೊಳೆದರೆಂದರೆ ಮುಗಿಯಿತು. ಪಾತ್ರೆಗೆ ತಳ ಎಂಬುದೊಂದು ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಎಮ್ಮೆ ಇದ್ದವರು ಉಳಿದದ್ದನ್ನು ಬಿಸಿಬಿಸಿಯಾಗಿ ಕಲಗಚ್ಚಿಗೆ ಸುರಿಯುತ್ತಾರೆ. ಆ ಮನೆಯ ಹೆಂಗಸರು ತೆಳ್ಳಗಿರುತ್ತಾರೆ, ಎಮ್ಮೆ ದಪ್ಪಗಿರುತ್ತದೆ. ಹೆಣ್ಣು ಕೊಡುವವರು ಹುಡುಗನ ಉದ್ಯೋಗ ಕೇಳುವ ಮೊದಲು ಹಿತ್ತಲಿಗೆ ಹೋಗಿ ಇಣುಕಿ ಬರುತ್ತಾರೆ. ಖಾನಾವಳಿಯವರು ತಲೆಯಲ್ಲಿ ಏನೂ ಓಡದ ಅಡುಗೆಯವರನ್ನು ಹುಡುಕಿ ಇಟ್ಟುಕೊಳ್ಳುತ್ತಾರೆ. ಅಂಥವರು ಸಿಗುವುದು ಕಷ್ಟ, ಸಿಕ್ಕರೆ ಬಹಳ ಬಿಗುಮಾನ ಮಾಡುತ್ತಾರೆ. ಉಳ್ಳವರು ಬೇರೆ ಭಾಷೆಯ ಅಡುಗೆಯವಳನ್ನು ತರಿಸಿಕೊಳ್ಳುತ್ತಾರೆ. ಆಗ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ದನಿ ಏರಿದಾಗ ಮಾತ್ರ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನನ್ನದೇನೂ ತೊಂದರೆಯಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನಾನೇ ಬೇಯಿಸಿಕೊಳ್ಳುತ್ತೇನೆ. ನನ್ನ ಅನ್ನ ತೋಳಿನ ಅಳತೆ, ಕೊರಳಿನ ಅಳತೆ ಹೇಳಿಕೊಂಡು ಕೂತಿರುತ್ತದೆ. ಒಮ್ಮೊಮ್ಮೆ ಕೆಲಸಕ್ಕೂ ಬರುತ್ತದೆ.

ನನ್ನ ಗೋಡೆಯಾಚೆಯ ಮನೆ ಚನ್ನವೀರಪ್ಪನದು. ಅರಳೆ ಹಿಂಜಿ ಗಾದಿ ತುಂಬುವುದು ಅವನ ಕೆಲಸ. ಗಾದಿಗೆ ಗವಸು ಹೊಲಿದು ಕೊಡುವುದು ನನ್ನ ಕೆಲಸ. ಓಣಿಯ ತುಂಬ ಅರಳೆ ಹಾರಾಡುತ್ತಿರುತ್ತದೆ, ಹಾಗಾಗಿ ಅಲ್ಲಿ ಯಾರೂ ಎಮ್ಮೆ ಕಟ್ಟುವಂತಿಲ್ಲ. ಮನೆಯಲ್ಲಿ ಅವನು, ಅವನ ಹೆಂಡತಿ ನೀಲಗಂಗವ್ವ, ಅವನ ತಾಯಿ ಸಂಗವ್ವ. ಚನ್ನವೀರಪ್ಪನ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ತಮ್ಮ ತಮ್ಮ ಮನೆಗಳಲ್ಲಿ ತಳ ಉಣ್ಣುತ್ತಿದ್ದರು. ಮೂರು ಮಂದಿಯ ಮನೆಯಾದರೂ ಅಡುಗೆ ಐದಾರು ಮಂದಿಗೆ ಆಗಲೇಬೇಕೆಂಬುದು ಸಂಗವ್ವನ ಕಟ್ಟಪ್ಪಣೆ. ಸಂಗವ್ವ ಊರಿನ ಭಜನಾ ಬಳಗದ ಹಿರಿಯಳು. ಮೆತ್ತಗಿನ ಮಾತು, ಸಣ್ಣ ನಗೆ, ಯಾರ ಮನೆಯಲ್ಲಿ ಜಗಳವಾದರೂ ಬಿಡಿಸಲು ಅವಳನ್ನೇ ಕರೆಯುತ್ತಿದ್ದರು. ಅವಳ ಬಾಯಿಂದ ಒಂದು ಬಿರುಸು ಮಾತು ಕೇಳಿದವರು ಊರಲ್ಲಿ ಇರಲಿಲ್ಲ. ಸೊಸೆ ಬಂದ ದಿನವೇ ಅವಳು ಸೌಟು ಸೊಸೆಯ ಕೈಗೆ ಕೊಟ್ಟು ಒಲೆಯ ಮುಂದಿನಿಂದ ಎದ್ದವಳು. ಅಲ್ಲಿಂದ ಈಚೆಗೆ ಒಣಗುತ್ತ ಬಂದು ಕಡ್ಡಿಯಾದಳು. ಸೊಸೆ ದುಂಡಗಾಗುತ್ತ ಹೋದಳು. ಆಕೆಯ ಕುಪ್ಪಸಗಳಲ್ಲಿ ನಾನು ಬಿಚ್ಚುವ ಹೊಲಿಗೆ ಮುಗಿದು, ಬಗಲಿಗೆ ಬೇರೆ ಬಟ್ಟೆಯ ತುಂಡು ಕೊಡುವ ಕಾಲ ಬಂದಿತ್ತು.

ಒಂದು ದಿನ ನೀಲಗಂಗವ್ವ ನೀರಿನ ಕೊಡ ಎತ್ತುವಾಗ ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದು ಬಂತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ಹೊರಗೆ ಬರುತ್ತಿತ್ತು. ಡಾಕ್ಟರ್ ಮಂದಾಕಿನಿ ನಮ್ಮೂರಿನವರೇ, ಊರಿನದೇ ಗಾತ್ರ. ಅವರು ಒತ್ತಿ ನೋಡಿ, ಹರ್ನಿಯಾ, ಆಪರೇಶನ್ ಆಗಲೇಬೇಕು, ಆದರೆ ಇಷ್ಟು ಕೊಬ್ಬಿನ ಹೊಟ್ಟೆಯ ಮೇಲೆ ಹೊಲಿಗೆ ನಿಲ್ಲುವುದಿಲ್ಲ, ಮೊದಲು ತೂಕ ಇಳಿಸಬೇಕು ಎಂದರು.

"ಏನೇನ್ ಉಣ್ತೀರಿ ಹೇಳ್ರಿ," ಎಂದು ಕೇಳಿದರು.

"ಮುಂಜಾನೆ ಒಂದ್ ರೊಟ್ಟಿ, ಮಧ್ಯಾಹ್ನ ಒಂದೂವರಿ ರೊಟ್ಟಿ, ಒಂದ್ ಮುಟಗಿ ಅನ್ನ. ರಾತ್ರಿ ಅದೂ ಇಲ್ರಿ, ಡಾಕ್ಟರಬಾಯಿ."

"ಎಲ್ಲಾರೂ ಉಂಡ ಮ್ಯಾಲ?"

ನೀಲಗಂಗವ್ವ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು.

"ಎರಡು ಹೊತ್ತೂ?"

"ಎರಡು ಹೊತ್ತೂರಿ."

"ಬ್ಯಾರೆ ಏನೂ ಬಿಡಬ್ಯಾಡ್ರಿ. ಸಕ್ಕರಿ ಬಿಡಬ್ಯಾಡ್ರಿ, ರೊಟ್ಟಿ ಬಿಡಬ್ಯಾಡ್ರಿ. ತಳಾ ಉಣ್ಣೂದ ಒಂದ್ ಬಿಡ್ರಿ. ಆ ಗಂಟು ಒಳಗ ಸಿಕ್ಕೊಂಡ್ರ ಕರಳು ಕೊಳೀತೈತಿ, ಆಮ್ಯಾಲ ನನ್ನ ಕೈಯಾಗೂ ಇರೂದಿಲ್ಲ."

"ಬಿಟ್ರ ಅದು ಮಾತಾಡ್ತೈತ್ರೆಲ್ಲ."

"ಮಾತಾಡ್ಲಿ," ಎಂದರು ಡಾಕ್ಟರು. ಅವರ ಮನೆಯಲ್ಲಿ ಈಗ ತೆಲುಗಿನ ಅಡುಗೆಯವಳಿದ್ದಳು, ಹಾಗೆ ಹೇಳುವುದು ಸುಲಭವಿತ್ತು.

ಆ ಸಂಜೆ ನೀಲಗಂಗವ್ವ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ವಿಠ್ಠಪ್ಪಣ್ಣಾರ, ನೀವು ಅಡಗಿ ಮಾಡುವಾಗ ಏನ್ ವಿಚಾರ ಮಾಡ್ತೀರಿ?" ಎಂದು ಕೇಳಿದಳು. ಅಳತೆ ಎಂದೆ. "ನಾ ಏನ್ ವಿಚಾರ ಮಾಡ್ತೀನಿ ನನಗ ಗೊತ್ತಿಲ್ರಿ. ಮೂವತ್ ವರ್ಷಾತು, ಒಂದ್ ದಿನಾನೂ ಬಿಟ್ಟು ಕೇಳಿಲ್ಲ," ಎಂದಳು. ಮಕ್ಕಳ ಬಗ್ಗೆ ಇರಬಹುದು, ತವರಿನ ಬಾವಿಯ ಬಗ್ಗೆ ಇರಬಹುದು, ನಡುನಡುವೆ ಅತ್ತೆಗೆ ಎರಡು ಬೈಗುಳವೂ ಇರಬಹುದು ಎಂದು ಆಕೆಯ ಅಂದಾಜು. ಅದೇ ಹೆದರಿಕೆ. ಇಂಥ ಅತ್ತೆಗೆ ಬೈದವಳೆಂದು ಹೆಸರಾದರೆ ಊರು ಉಗಿಯುತ್ತದೆ. ಆದರೂ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಿದ್ದಳು. ಸಾಯುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಮರುದಿನ ಆಕೆ ಒಲೆಯ ಮುಂದೆ ಕೂತು ಒಳ್ಳೆಯದನ್ನೇ ನೆನೆಯಬೇಕೆಂದು ಹಟ ಹಿಡಿದಳು. ಮೊಮ್ಮಗಳ ಹಲ್ಲು ಬಂದದ್ದನ್ನು ನೆನೆದಳು. ಒಗ್ಗರಣೆ ಸಿಡಿಯಿತು, ಮೊಮ್ಮಗಳು ಎಲ್ಲೋ ಹೋದಳು. ಊಟವಾದ ಮೇಲೆ ಸಂಗವ್ವ ಎಂದಿನಂತೆ ಗುಡಿಗೆ ಭಜನೆಗೆ ಹೋದಳು. ನೀಲಗಂಗವ್ವ ಸಾರಿನ ಪಾತ್ರೆಗೆ ಮುಚ್ಚಳ ಹಾಕಿ, ಎದ್ದು ಕೈ ತೊಳೆದುಬಿಟ್ಟಳು. ಹೊಟ್ಟೆ ತುಂಬಿದ್ದರೂ ಕೈ ಪಾತ್ರೆಯ ಕಡೆಗೇ ಎಳೆಯುತ್ತಿತ್ತಂತೆ. ಸೆರಗು ಬಿಗಿಯಾಗಿ ಸುತ್ತಿಕೊಂಡು ಕಂಬಕ್ಕೆ ಒರಗಿ ಕೂತಳು. ನಾನು ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಿದ್ದ ಚನ್ನವೀರಪ್ಪನ ಜೊತೆ ಕೂತು ಗವಸಿನ ಬಟ್ಟೆ ಅಳೆಯುತ್ತಿದ್ದೆ. ಸಾರು ಆರಿತು. ಆರಿ, ನೀಲಗಂಗವ್ವನ ದನಿಯಲ್ಲಿ ಬಾಯಿ ತೆರೆಯಿತು.

"ಕೈ ಬಿಗಿ ಹಿಡಿ. ಎಣ್ಣಿ ಏನ್ ನಿಮ್ಮಪ್ಪ ಚಕ್ಕಡಿ ಹೇರಿ ಕಳಸ್ಯಾನೇನು? ಬದನಿಕಾಯಿ ಹೆಚ್ಚೂದು ನೋಡು, ದನಕ್ಕ ಹಾಕೂ ಹಂಗ. ನಿಂತೀದಿ ಯಾಕ ಗೂಟದಂಗ? ಉಣ್ಣಾಕ ಬಂದೀಯೇನ ಈ ಮನೀಗೆ, ಬಾಳೇ ಮಾಡಾಕ ಬಂದೀಯೇನ?"

ಚನ್ನವೀರಪ್ಪನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಅವನು ಒಳಗೆ ಹೋಗಿ ಹೆಂಡತಿಯ ಮುಂದೆ ನಿಂತ.

"ನಮ್ಮಪ್ಪ ಸತ್ತು ಎಷ್ಟ್ ವರ್ಷಾತು. ಅವನ್ನ ಯಾಕ ನಡುವ ತಂದಿ?"

"ನಾ ಅಂದಿಲ್ರೀ."

"ದನಿ ನಿಂದ ಐತಿ."

"ದನಿ ನಂದ ಐತ್ರೀ. ನಾ ಅಂದಿಲ್ಲ."

ನಿಮ್ಮಪ್ಪ ಎಂದದ್ದೊಂದೇ ಅವನ ಕಿವಿಗೆ ಬಿದ್ದಿತ್ತು. ಅವನಿಗೆ ಇದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹೆಂಡತಿ ಮನಸ್ಸಿನಲ್ಲಿ ತನ್ನನ್ನು ಹೀಗೆ ಬೈಯುತ್ತ ಅಡುಗೆ ಮಾಡಿದ್ದನ್ನು ಇಷ್ಟು ವರ್ಷ ರುಚಿಯಾಗಿದೆ ಎಂದು ಉಂಡೆನಲ್ಲ ಎಂದು ಅವನಿಗೆ ಬಹಳ ನೋವಾಯಿತು. ಬಂದು ಕೂತು ಸೂಜಿ ಹಿಡಿದವನು ಆ ದಿನ ಒಂದು ಗಾದಿಯ ನಾಲ್ಕೂ ಮೂಲೆ ಸೊಟ್ಟ ಹೊಲಿದ.

ಬೆಳಕಿಂಡಿಯಿಂದ ಮಾತು ಹೊರಗೂ ಹೋಗಿತ್ತು. ಮರುದಿನ ನಳದ ಹತ್ತಿರ ಹೆಂಗಸರು ನೀಲಗಂಗವ್ವನಿಗೆ ದಾರಿ ಬಿಟ್ಟು ನಿಂತರಂತೆ. "ಇಷ್ಟ್ ವರ್ಷ ಒಳಗ ಇಟ್ಕೊಂಡಿದ್ದೆಲ್ಲವಾ, ಗಟ್ಟಿಗಿತ್ತಿ ಬಿಡು," ಎಂದು ಒಬ್ಬಳು ಮೆಚ್ಚಿಕೊಂಡಳು. ಇನ್ನೊಬ್ಬಳು, "ಸಂಗವ್ವನಂಥ ದೇವರಂಥಾಕಿ ಮನ್ಯಾಗ ಇಂಥಾಕಿ," ಎಂದು ಮೂಗು ಮುರಿದಳು. ಭಜನೆಯಲ್ಲಿ ಈ ಸುದ್ದಿ ಕೇಳಿದ ಸಂಗವ್ವ ಕಣ್ಣು ಮುಚ್ಚಿ, "ಇರ್ಲಿ ಬಿಡ್ರಿ, ಕೂಸು ಅದು," ಎಂದಳಂತೆ. ಕೂಸಿಗೆ ಐವತ್ತು ದಾಟಿತ್ತು. ಮನೆಗೆ ಬಂದು ಸೊಸೆಯನ್ನು ಏನೂ ಕೇಳಲಿಲ್ಲ. ತಳದ ಮಾತನ್ನು ತನ್ನ ಕಿವಿಯಿಂದ ಕೇಳಿದ್ದೂ ಇಲ್ಲ, ಮಧ್ಯಾಹ್ನದ್ದು ಆರುವ ಹೊತ್ತಿಗೆ ಅವಳು ಗುಡಿಯಲ್ಲಿ, ರಾತ್ರಿಯದು ಆರುವ ಹೊತ್ತಿಗೆ ನಿದ್ದೆಯಲ್ಲಿ ಇರುತ್ತಿದ್ದಳು.

ನೀಲಗಂಗವ್ವ ಆದರೂ ಬಿಟ್ಟಳು. ದಿನಾ ಬಿಟ್ಟಳು, ದಿನಾ ಕೇಳಿದಳು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹರಿದ ಸೆರಗು ಹೊಲಿಸುವ ನೆಪದಲ್ಲಿ ಅಂಗಡಿಗೆ ಬಂದಳು. ಏನವ್ವ ಎಂದೆ.

"ಆ ಮಾತು ಯಾರವು ಅನ್ನೂದು ಗೊತ್ತಾತ್ರಿ ಅಣ್ಣಾರ. ಅತ್ತೀವು. ನಾ ಹೊಸದಾಗಿ ಬಂದಾಗ ಒಲೀ ಮುಂದ ಕುಂದ್ರಿಸಿ ಕಿವ್ಯಾಗ ಹೇಳ್ತಿದ್ರು, ಹೊರಗ ಯಾರಿಗೂ ಕೇಳದಂಗ. ಎಣ್ಣಿ ಹಾಕುವಾಗ ಎಣ್ಣಿ ಮಾತು. ಹೆಚ್ಚುವಾಗ ಹೆಚ್ಚೂ ಮಾತು. ಈಗೀಗ ಅವರು ಅಡಗಿಮನೀಗೆ ಬರೂದ ಇಲ್ಲ, ಮಾತು ಮಾತ್ರ ಅಲ್ಲೇ ಕುಂತಾವು. ನಾ ತವರಮನಿ ಬಾವಿ ನೆನಸ್ತೀನಿ ಅಂತ ತಿಳಕೊಂಡಿದ್ನಿ." ಆಕೆ ನನ್ನ ಮಿಶನ್ನಿನ ಚಕ್ರಕ್ಕೆ ಬೆರಳು ಹಚ್ಚಿದಳು. "ನನ್ನ ತಲಿಯಾಗ ನಾನ ಇಲ್ರಿ, ಅಣ್ಣಾರ."

ಗಂಡನಿಗೆ ಹೇಳು ಎಂದೆ. ಯಾರು ನಂಬುತ್ತಾರೆ ಎಂದಳು. ಸಂಗವ್ವನ ದನಿಯನ್ನು ಊರೆಲ್ಲ ಬಲ್ಲದು, ಆ ದನಿಯಲ್ಲಿ ಅಂಥ ಮಾತನ್ನು ಯಾರೂ ಕೇಳಿಲ್ಲ. ಪಾತ್ರೆಯ ದನಿಯೋ ನೀಲಗಂಗವ್ವನದು. ನಾನು ಸೆರಗು ಹೊಲಿದು ಕೊಟ್ಟೆ. ಬೇರೆ ಏನೂ ಹೊಳೆಯಲಿಲ್ಲ.

ಚನ್ನವೀರಪ್ಪನಿಗೆ ಹೊಳೆದ ಉಪಾಯ ಗಾದಿಯವನಿಗೆ ಮಾತ್ರ ಹೊಳೆಯುವಂಥದು. ಪಾತ್ರೆ ಆರಿದರೆ ತಾನೇ ಮಾತಾಡುವುದು? ಅವನು ಹೊಸ ಅರಳೆ ತುಂಬಿ ಸಾರಿನ ಪಾತ್ರೆಯ ಸುತ್ತಳತೆಗೆ ಒಂದು ಪುಟ್ಟ ಗಾದಿ ಮಾಡಿದ, ಮೇಲೆ ಮುಚ್ಚಲು ಕುಲಾವಿ ಬೇರೆ. ಹೂವಿನ ಚೀಟಿ ಬಟ್ಟೆಯ ಗವಸು ನಾನೇ ಹೊಲಿದೆ. ಕೆಲಸ ಚೆನ್ನಾಗಿ ಬಂದಿತ್ತು. ಅದರೊಳಗೆ ಕೂತ ಸಾರು ಸಂಜೆಯವರೆಗೂ ಬಿಸಿ ಇರುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅವನು ಅದನ್ನು ಹೊತ್ತು ಊರಾಚೆಯ ಎಮ್ಮೆಯವರ ಮನೆಗೆ ಒಯ್ದು ಸುರಿದು ಬರುತ್ತಿದ್ದ. ಬೆಳಕಿನಲ್ಲಿ ಒಯ್ದರೆ ಯಾರಾದರೂ ನಿಲ್ಲಿಸಿ ಏನಪ್ಪಾ ಅದು ಎಂದು ಕೇಳುವ ಭಯ. ಹೀಗೆ ಮನೆ ಶಾಂತವಾಯಿತು. ನೀಲಗಂಗವ್ವನ ಉಸಿರಾಟ ಹಗುರಾಯಿತು. ನಾನು ಕುಪ್ಪಸದ ಬಗಲಿಗೆ ಕೊಟ್ಟ ತುಂಡನ್ನು ಬಿಚ್ಚಿ ಮೊದಲಿನ ಹೊಲಿಗೆಗೆ ತಂದೆ. ಈ ಊರಲ್ಲಿ ನಾನು ಕುಪ್ಪಸ ಚಿಕ್ಕದು ಮಾಡಿದ್ದು ಅದೇ ಮೊದಲು, ಕತ್ತರಿ ಹಿಡಿದ ಕೈಗೆ ನಂಬಿಕೆಯೇ ಬರಲಿಲ್ಲ.

ಆಮೇಲೆ ಒಂದು ಸಂಜೆ ಭಜನೆ ಸಂಗವ್ವನ ಮನೆಗೆ ಬಂತು. ಗುಡಿಗೆ ಸುಣ್ಣ ಬಳಿಯುತ್ತಿದ್ದರು, ಅದಕ್ಕೆ ಜಾಗವೂ ಹೊತ್ತೂ ಬದಲಾಗಿತ್ತು. ಚನ್ನವೀರಪ್ಪ ಮದುವೆ ಮನೆಯೊಂದಕ್ಕೆ ಗಾದಿ ಒಯ್ದವನು ಅಲ್ಲಿ ಚೌಕಾಸಿಯಲ್ಲಿ ಸಿಕ್ಕಿಬಿದ್ದ. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಒಳಗೆ ಹೂವಿನ ಗಾದಿಯೊಳಗೆ ಸಾರು ಮೆಲ್ಲಗೆ ಆರುತ್ತಿತ್ತು. ನೀಲಗಂಗವ್ವನಿಗೆ ಅದು ಗೊತ್ತಿತ್ತು, ಆದರೆ ಹಿರಿಯರ ನಡುವಿನಿಂದ ಎದ್ದು ಹೋಗುವ ಹಾಗಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗ ಅಡುಗೆಮನೆಯಿಂದ, ಅರಳೆಯೊಳಗಿನಿಂದ, ಆಕೆಯ ದನಿ ಬಂತು.

"ನಿಮ್ಮವ್ವ ಹ್ವಾದ್ಲಂದ್ರ ನಮ್ಮನಿ ಒಲಿ ಆರಬೇಕೇನು? ಸತ್ತಾಕಿ ಎಲ್ಲೂ ಓಡಿ ಹೋಗೂದಿಲ್ಲ. ಅಳಬ್ಯಾಡ, ಹಿಟ್ಟಿನಾಗ ಕಣ್ಣೀರ ಬೀಳ್ತಾವು. ರೊಟ್ಟಿ ಎಲ್ಲಾ ಬಡದಿಟ್ಟು ಆಮ್ಯಾಲ ಹೋಗು."

ಎಲ್ಲರೂ ಕಣ್ಣು ತೆರೆದರು. ಬಳಗದ ಬಸಲಿಂಗವ್ವ ಎಂಬಾಕೆ ನೀಲಗಂಗವ್ವನನ್ನು ಮೇಲಿಂದ ಕೆಳಗೆ ನೋಡಿ, "ಸತ್ತವರ ಮ್ಯಾಲ ಹಿಂಗ ಅಂತಾರೇನ? ಹೆಂಥಾ ಸೊಸೀನ್ನ ಕಟಗೊಂಡೀರಿ, ಸಂಗಕ್ಕ," ಎಂದಳು. ಸಂಗವ್ವನಿಗೆ ಆ ಮಾತು ಗೊತ್ತಿತ್ತು. ಯಾವ ದಿನ ಅಂದದ್ದು, ಯಾರಿಗೆ ಅಂದದ್ದು, ಸೊಸೆ ತವರಿಗೆ ಹೋಗಿ ಮುಟ್ಟುವಷ್ಟರಲ್ಲಿ ಅವಳ ತಾಯಿಯನ್ನು ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರೆಂಬುದು, ಎಲ್ಲ ಗೊತ್ತಿತ್ತು. ಆ ಮಾತು ನನ್ನದು ಎನ್ನಲು ಅದೊಂದೇ ಹೊತ್ತು. ಅವಳು ತಾಳ ಕೈಗೆತ್ತಿಕೊಂಡು, "ಮಂಗಳಾರತಿ ಹಾಡ್ರಿ," ಎಂದಳು. ಹಾಡಿದರು.

ಎಲ್ಲರೂ ಹೋದ ಮೇಲೆ ಸೊಸೆಗೆ ಹೇಳಿದಳು: "ನಾಳಿಂದ ತಳಾ ಬಿಡಬ್ಯಾಡ."

"ಡಾಕ್ಟರಬಾಯಿ ಹೇಳ್ಯಾರ್ರಿ, ಅತ್ತಿ."

"ಡಾಕ್ಟರಬಾಯಿ ಬಂದು ನಮ್ಮನಿ ಮರ್ಯಾದಿ ಕಾಯ್ತಾಳೇನು?"

ನೀಲಗಂಗವ್ವ ಮತ್ತೆ ತಳ ಉಣ್ಣತೊಡಗಿದಳು. ಕೈಗೆ ಅದು ಮರೆತಿರಲಿಲ್ಲ. ನನಗೆ ಅದನ್ನು ಹೇಳುವಾಗ ಆಕೆಗೆ ನಾಚಿಕೆ ಏನೆಂದರೆ, ಉಣ್ಣುವುದು ಹಿತವಾಗಿತ್ತಂತೆ. ಬಿಸಿ ಸಾರು, ಮೆತ್ತಗಿನ ಅನ್ನ, ಮಾತಿಲ್ಲದ ಮಧ್ಯಾಹ್ನ. ಊರೂ ಸ್ವಲ್ಪ ಸುಮ್ಮನಾಯಿತು. ಗಂಡ ಗಾದಿ, ಕುಲಾವಿ ಮಡಿಚಿ ಅಟ್ಟಕ್ಕೆ ಹಾಕಿದ. ನಾನು ಮತ್ತೆ ಬಗಲಿಗೆ ತುಂಡು ಕೊಟ್ಟೆ.

ಒಂದು ಮುಂಜಾನೆ ಹಿಟ್ಟು ನಾದುವಾಗ ಗಂಟು ಹೊರಗೆ ಬಂದದ್ದು ಒಳಗೆ ಹೋಗಲಿಲ್ಲ. ಕಲ್ಲಿನಂತೆ ಗಟ್ಟಿಯಾಯಿತು. ನೀಲಗಂಗವ್ವ ನೆಲದ ಮೇಲೆ ಹೊರಳಾಡಿದಳು, ವಾಂತಿ ಮಾಡಿದಳು. ಚನ್ನವೀರಪ್ಪ ಗಾದಿ ಹೇರುವ ಕೈಗಾಡಿಯ ಮೇಲೆಯೇ ಹೆಂಡತಿಯನ್ನು ಮಲಗಿಸಿ ನೂಕಿಕೊಂಡು ಓಡಿದ; ಹಿಂದಿನಿಂದ ನಾನೂ ನೂಕಿದೆ. ಡಾಕ್ಟರ್ ಮಂದಾಕಿನಿ ಬಹಳ ಹೊತ್ತು ಒತ್ತಿ ಒತ್ತಿ ಅದನ್ನು ಒಳಗೆ ಸೇರಿಸಿದರು. ಬೆವರು ಒರೆಸಿಕೊಂಡು, "ಇವತ್ತ ಹೋತು. ಮುಂದಿನ ಸಲ ಹೋಗೂದಿಲ್ಲ," ಎಂದರು. ಚನ್ನವೀರಪ್ಪ ಗೋಡೆಗೆ ಮುಖ ಮಾಡಿ ಅತ್ತ. ಅವನು ಅಳುವುದನ್ನು ನಾನು ಮೊದಲು ನೋಡಿರಲಿಲ್ಲ.

ಚೇತರಿಸಿಕೊಂಡ ಮೇಲೆ ನೀಲಗಂಗವ್ವ ಮಾಡಿದ ಮೊದಲ ಅಡುಗೆಯ ದಿನ, ಊಟವಾದ ಕೂಡಲೇ ಸಂಗವ್ವ ಭಜನೆಗೆಂದು ಚಪ್ಪಲಿ ಹುಡುಕುತ್ತಿದ್ದಳು. ನೀಲಗಂಗವ್ವ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಪಡಸಾಲೆಯ ನಡುವೆ, ಅತ್ತೆ ದಿನಾ ಕೂರುವ ಜಾಗದ ಎದುರಿಗೆ ಇಟ್ಟಳು. ಮುಚ್ಚಳ ತೆಗೆದಳು.

"ಅತ್ತಿ, ನಾ ಇನ್ನ ತಳಾ ಉಣ್ಣೂದಿಲ್ಲ. ನಿಮ್ಮ ಮಾತು ನೀವ ಕೇಳ್ರಿ."

ಮೂವತ್ತು ವರ್ಷದಲ್ಲಿ ಆಕೆ ಅತ್ತೆಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಹೇಳಿ, ಒಳಗೆ ಹೋಗಿ ಚಾಪೆ ಹಾಸಿ ಮಲಗಿಬಿಟ್ಟಳು. ಸಂಗವ್ವ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದವಳು, ಅದನ್ನು ತೆಗೆದು, ಪಾತ್ರೆಯ ಮುಂದೆ ಕೂತಳು.

ಅಂದು ಭಜನೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಆಮೇಲೆ ದಿನಾ ಮಧ್ಯಾಹ್ನ ಊರು ನಿದ್ದೆ ಮಾಡುವ ಹೊತ್ತಿನಲ್ಲಿ ಮುದುಕಿ ಪಾತ್ರೆಯ ಮುಂದೆ ಕೂತು ಕೇಳುತ್ತಿದ್ದಳು. ಕೆಲವನ್ನು ಅವಳು ಮರೆತೇಬಿಟ್ಟಿದ್ದಳು. ಗೋಡೆಯಾಚೆಯಿಂದ ನನಗೆ ಅವರ ಮಾತು ಕೇಳುತ್ತಿತ್ತು.

"ಇದನ್ನ ಯಾವಾಗ ಅಂದಿದ್ದೆ?"

"ಹೆಸರಕಾಳು ಸೀದಾಗ್ರಿ."

"ಇದು?"

"ಹಿರೇ ಹುಡುಗಿ ಹುಟ್ಟಿದಾಗ. ಮತ್ತ ಹೆಣ್ಣ ಹಡದಿ ಅಂತ ಎರಡನೇದಕ್ಕೂ ಅಂದಿದ್ರಿ."

"ಹೂಂ," ಎನ್ನುತ್ತಿದ್ದಳು ಸಂಗವ್ವ. ತಪ್ಪಾಯಿತು ಎನ್ನುತ್ತಿರಲಿಲ್ಲ. ಅದಕ್ಕೆ ಬೇಕಾದ ನಾಲಗೆ ಅವಳಲ್ಲಿ ಇರಲಿಲ್ಲ. ನನಗೆ ಅವಳ ಮೇಲೆ ಬಹಳ ಸಿಟ್ಟಿತ್ತು, ಆದರೆ ದಿನಾ ತಾನಾಗಿ ಬಂದು ಕೂರುತ್ತಾಳಲ್ಲ ಎಂಬುದನ್ನೂ ನೋಡುತ್ತಿದ್ದೆ. ಆ ಮಾತುಗಳು ತಾಯಿಯವೆಂದು ಚನ್ನವೀರಪ್ಪನಿಗೂ ಈಗ ತಿಳಿದಿತ್ತು. ಅರಳೆಯನ್ನು ಅಗತ್ಯಕ್ಕಿಂತ ಜೋರಾಗಿ ಹಿಂಜುತ್ತಿದ್ದ. ಊರಿನ ಲೆಕ್ಕದಲ್ಲಿ ಮಾತ್ರ ನೀಲಗಂಗವ್ವ ಸತ್ತವರನ್ನೂ ಬಿಡದ ಹೊಲಸು ಬಾಯಿಯವಳಾಗಿಯೇ ಉಳಿದಳು. ಅತ್ತೆ ಭಜನೆ ಬಿಟ್ಟದ್ದೂ ಆಕೆಯ ಕಾಟಕ್ಕೇ ಎಂದರು. ನಳದ ಹತ್ತಿರ ಈಗ ಯಾರೂ ಮೆಚ್ಚುತ್ತಿರಲಿಲ್ಲ. ಕೊಡ ದೂರ ಸರಿಸಿಕೊಳ್ಳುತ್ತಿದ್ದರು. ಆಕೆ ತೂಕದಲ್ಲಿ ಇಳಿಯುತ್ತಿದ್ದಳು. ಹರ್ನಿಯಾಕ್ಕೆ ಇಳಿಯುತ್ತಿದ್ದಾಳೋ ಊರಿನ ಮಾತಿಗೆ ಇಳಿಯುತ್ತಿದ್ದಾಳೋ ಎಂದು ನನಗೆ ಸಂಶಯ.

ಮುಂದೆ ಆಪರೇಶನ್ ಆಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆ ಹೊಲಿಗೆ ನಾನು ನೋಡಿಲ್ಲ, ನೋಡುವುದು ಸರಿಯೂ ಅಲ್ಲ, ಚೊಕ್ಕ ಬಂದಿದೆ ಎಂದು ಹೇಳುತ್ತಾರೆ. ಆದರೆ ಅದಕ್ಕೆ ಮೊದಲು, ಡಾಕ್ಟರು ಹೇಳಿದ ತೂಕಕ್ಕೆ ಇನ್ನೂ ಸ್ವಲ್ಪ ಬಾಕಿಯಿದ್ದಾಗ, ಸಂಗವ್ವ ಭಜನಾ ಬಳಗದ ಹೆಂಗಸರನ್ನೆಲ್ಲ ಊಟಕ್ಕೆ ಕರೆದಳು. ಸೊಸೆಯನ್ನು ಅಡುಗೆಮನೆಯಿಂದ ಎಬ್ಬಿಸಿ, "ಇವತ್ತ ನಾ ಮಾಡ್ತೀನಿ, ನೀ ಹೊರಗ ಕುಂದ್ರು," ಎಂದಳು. ಎಷ್ಟೋ ವರ್ಷದ ಮೇಲೆ ಅವಳು ಒಲೆಯ ಮುಂದೆ ಕೂತದ್ದು. ಒಳಗೆ ಡಬ್ಬಿಗಳು ಬೀಳುವ ಸದ್ದು ಕೇಳುತ್ತಿತ್ತು. ನೀಲಗಂಗವ್ವ ಹೊಸ್ತಿಲ ಹತ್ತಿರ ಎರಡು ಸಲ ಹೋದಳು, ಎರಡು ಸಲವೂ ಮುದುಕಿ ಕೈ ಬೀಸಿ ಹಿಂದೆ ಕಳಿಸಿದಳು.

ಹೆಂಗಸರು ಬಂದರು, ಉಂಡರು. ಅಡುಗೆ ಪರವಾಗಿಲ್ಲ ಎನ್ನುವಂತಿತ್ತು. ನಾನೂ ಚನ್ನವೀರಪ್ಪನೂ ಹೊರಗಿನ ಕಟ್ಟೆಯ ಮೇಲೆ ಉಂಡೆವು. ಬೇರೆಯವರ ಮನೆಯಲ್ಲಿ ಪಾತ್ರೆ ಆರುವವರೆಗೆ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹಾಗಾಗಿ ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಏಳತೊಡಗಿದರು. ಬಸಲಿಂಗವ್ವ ಆಗಲೇ ಬಾಗಿಲಲ್ಲಿದ್ದಳು. ಸಂಗವ್ವ ಸಾರಿನ ಪಾತ್ರೆಯನ್ನು ಎಳೆದುಕೊಂಡು ಬಂದು ಪಡಸಾಲೆಯ ನಡುವೆ ಇಟ್ಟು, "ಕುಂದರ್ರಿ," ಎಂದಳು. "ಯಾರೂ ಏಳಬ್ಯಾಡ್ರಿ."

ಪಾತ್ರೆಯಲ್ಲಿ ಕಾಲು ಭಾಗ ಸಾರಿತ್ತು. ಹೆಂಗಸರು ಕೂತರು, ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡು ಕೂತರು. ನೀಲಗಂಗವ್ವನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಈ ಮುದುಕಿ ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಈ ಸಾರಿನ ಜೊತೆ ಆರುತ್ತಿದೆ ಎಂದು ಆಕೆಗೆ ಕಂಡಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು, ಸಂಕಟವಾಯಿತು ಅಷ್ಟೇ. ಒಳಗೆ ಹೋಗಿ ತಾಟು, ಸೌಟು ತಂದಳು. ಪಾತ್ರೆಯ ಮುಂದೆ ಕೂತು, ಇನ್ನೂ ಹಬೆ ಸಣ್ಣಗೆ ಆಡುತ್ತಿದ್ದ ಸಾರಿಗೆ ಸೌಟು ಅದ್ದಿದಳು. ಡಾಕ್ಟರು ಹೇಳಿದ್ದು, ಗಂಟು, ಕೈಗಾಡಿ, ಯಾವುದೂ ಆಗ ನೆನಪಿರಲಿಲ್ಲ. ಅತ್ತೆಯನ್ನು ಉಳಿಸಲು ಆಕೆಗೆ ಗೊತ್ತಿದ್ದ ದಾರಿ ಅದೊಂದೇ.

ಸಂಗವ್ವ ಅವಳ ಮಣಿಕಟ್ಟು ಹಿಡಿದಳು.

"ಬಿಡು. ಆರಲಿ."

"ಬ್ಯಾಡ್ರಿ, ಅತ್ತಿ."

"ನೀ ಉಂಡದ್ದು ಸಾಕು."

ಸೌಟು ಪಾತ್ರೆಯಲ್ಲೇ ಉಳಿಯಿತು. ಹಬೆ ಕಡಿಮೆಯಾಗಿ ನಿಂತಿತು. ಕೊನೆಗೆ ಪಾತ್ರೆಯೊಳಗಿಂದ ಮುದುಕಿಯ ನವಿರಾದ, ಊರೆಲ್ಲ ಬಲ್ಲ ದನಿ ಬಂತು.

"ಉಪ್ಪಿನ ಡಬ್ಬಿ ಎಲ್ಲಿಟ್ಟಾಳೋ. ಇದು ಸಾಸಿವಿ. ಇದು ಜೀರಗಿ. ಸಿಕ್ತು. ಈ ಬಸಲಿಂಗವ್ವಗ ಎರಡ್ ಸೌಟು ಹೆಚ್ಚಿಗೆ ಹಿಡೀಬೇಕು, ನಾಲಗಿಗಿಂತ ಹೊಟ್ಟಿ ದೊಡ್ಡದು. ಕಣ್ಣು ಉರೀತಾವು, ಉಳ್ಳಾಗಡ್ಡಿ. ರೊಟ್ಟಿ ಬಡದಿಟ್ಟು ಹೋಗು ಅಂದೆ. ನಾನ ಅಂದೆ, ಈ ಒಲೀ ಮುಂದನ ಅಂದೆ. ಆಕಿ ಹಿಟ್ಟು ನಾದಿಕೋತ ಅಳಾಕತ್ತಿದ್ಲು, ನಾ ರೊಟ್ಟಿ ಎಣಿಸಿಕೋತ ನಿಂತಿದ್ದೆ. ಅವ್ವನ ಮಾರಿ ಸುದ್ದಾ ಸಿಗಲಿಲ್ಲ ಆಕಿಗೆ. ನಾನ ಬಡೀಬಹುದಾಗಿತ್ತು ಆ ರೊಟ್ಟಿ. ನನಗ ಬರ್ತಿತ್ತು."

ಸಾರು ಪೂರ್ತಿ ಸುಮ್ಮನಾಗುವವರೆಗೂ ಸಂಗವ್ವ ಸೊಸೆಯ ಕೈ ಬಿಡಲಿಲ್ಲ.